ರಟ್ಟಿನೊಳಗಿನ ಮೊದಲ ಹೆಂಡತಿ

ಒತ್ತುಯಂತ್ರವನ್ನು ಮನೆಯೊಳಗೆ ತರುವುದಕ್ಕೆ ಬಾಗಿಲ ಚೌಕಟ್ಟನ್ನೇ ಕಿತ್ತಿಡಬೇಕಾಯಿತು. ಎರಕದ ಕಬ್ಬಿಣದ್ದು, ನೆತ್ತಿಯ ಮೇಲೆ ಹಡಗಿನ ಚುಕ್ಕಾಣಿಯಂಥ ಚಕ್ರ, ಆನೆಮರಿಯ ತೂಕ. ಆರು ಜನ ಗಂಡಸರು ಏದುಸಿರು ಬಿಡುತ್ತ ಅದನ್ನು ನಡುಮನೆಯ ಕಿಟಕಿಯ ಪಕ್ಕ ಇಳಿಸಿದರು. ಹತ್ತೊಂಬತ್ತು ವರ್ಷದ ಮದುಮಗಳು ಅದರ ಎದುರಿಗೆ ಒಂದು ಮುಕ್ಕಾಲಿ ಎಳೆದುಕೊಂಡು ಕೂತಳು. ರಾಜರಿಗೆ ಪಟ್ಟಾಭಿಷೇಕಕ್ಕೆ ನೂರೆಂಟು ತಾಪತ್ರಯ. ಇವಳಿಗೆ ಮುಕ್ಕಾಲಿಯೇ ಸಾಕಾಯಿತು. ಅಲ್ಲಿಂದಾಚೆ ಮೂವತ್ತೊಂದು ವರ್ಷ ಆ ಮನೆಯಲ್ಲಿ ಅವಳ ಅಪ್ಪಣೆಯಿಲ್ಲದೆ ಬೆಕ್ಕು ಕೂಡ ಮೈ ಮುರಿಯುತ್ತಿರಲಿಲ್ಲ.

ಅವಳ ಕಸುಬು ಪುಸ್ತಕ ಕಟ್ಟುವುದು. ಶಾಲೆಯ ಹಾಜರಿ ಪುಸ್ತಕ, ಆಫೀಸುಗಳ ಕಡತ, ಸಭೆಯ ಹಾಡಿನ ಪುಸ್ತಕಗಳು, ಎಲ್ಲಕ್ಕಿಂತ ಮಿಗಿಲಾಗಿ ಸಭೆಯ ದೊಡ್ಡ ವಹಿ. ದಬ್ಬಣ, ಮೇಣ ಸವರಿದ ದಾರ, ಮಡಿಕೆ ತೀಡುವ ಮೂಳೆಪಟ್ಟಿ, ಗೋಧಿಹಿಟ್ಟಿನ ಅಂಟು. ರಟ್ಟನ್ನು ಅವಳು ಕೊಳ್ಳುತ್ತಲೇ ಇರಲಿಲ್ಲ. ರದ್ದಿ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ, ಯಂತ್ರದಡಿ ಇಟ್ಟು, ಚಕ್ರ ತಿರುವಿ, ನಾಲ್ಕು ದಿನ ಬಿಟ್ಟರೆ ಹಲಗೆಯಂಥ ರಟ್ಟು ತಯಾರು. ಒಳ್ಳೆಯ ಕಾಗದ ಬಿಸಾಡಿದವರನ್ನು ಕಂಡರೆ ಅವಳಿಗೆ ಕೊಲೆಗಾರರನ್ನು ಕಂಡ ಹಾಗೆ.

ಆಮೇಲೆ ಬಂದ ಸವತಿಯ ಇಬ್ಬರು ಹೆಣ್ಣುಮಕ್ಕಳು ಅವಳನ್ನು ದೊಡ್ಡಮ್ಮ ಅಂದರು. ಅಕ್ಕಪಕ್ಕದವರೂ ಅಂದರು. ಕೊನೆಗೆ ಅವಳಿಗಿಂತ ಹತ್ತು ವರ್ಷ ಹಿರಿಯರೂ ದೊಡ್ಡಮ್ಮ ಎಂದೇ ಕರೆಯತೊಡಗಿದರು. ಅವಳು ಅದನ್ನು ಬಿರುದಿನ ಹಾಗೆ ಧರಿಸಿಕೊಂಡಳು. ದೊಡ್ಡಮ್ಮ ಎಂದರೆ ಮೊದಲನೆಯವಳು. ಬೀಗದ ಕೈ ಗೊಂಚಲು ಯಾರ ಸೊಂಟದಲ್ಲಿದೆಯೋ ಅವಳು.

ಸಭೆ ಎಂದು ಕರೆದುಕೊಳ್ಳುವ ಪಂಥದವರ ಬಡಾವಣೆ ಎಂದರೆ ಮೂರು ಬೀದಿ, ಎಪ್ಪತ್ತು ಮನೆ. ಅವರ ಪ್ರಕಾರ ಸ್ವರ್ಗಕ್ಕೆ ಮೂರು ಬಾಗಿಲು, ಒಂದರೊಳಗೊಂದು. ಪ್ರತಿ ಬಾಗಿಲಿನ ಕೀಲಿ ಒಬ್ಬೊಬ್ಬ ಹೆಂಡತಿಯ ಕೈಯಲ್ಲಿ. ಒಬ್ಬಳೇ ಹೆಂಡತಿಯ ಗಂಡಸು ಸ್ವರ್ಗದ ಜಗಲಿಯಲ್ಲಿ ಮಿಕ್ಕವರ ಚಪ್ಪಲಿ ಕಾಯುತ್ತ ಕೂತಿರಬೇಕು, ಅನಂತಕಾಲ. ಇಬ್ಬರಿದ್ದರೆ ನಡುಮನೆಯವರೆಗೆ ಪ್ರವೇಶ. ಮೂವರಿದ್ದರೆ ಮಾತ್ರ ಒಳಕೋಣೆ. ಹೆಂಗಸರು ಒಳಗೆ ಹೋಗಬೇಕಾದರೆ ಎಷ್ಟು ಗಂಡಂದಿರು ಬೇಕು ಎಂದು ಒಬ್ಬಳು ಕೇಳಿದ್ದಳಂತೆ. ಅವಳನ್ನು ದೂರದ ಊರಿನ ಶಾಖೆಗೆ ಕಳಿಸಿಬಿಟ್ಟರು, ವಾಪಸ್ಸು ಬರುವ ಟಿಕೇಟು ತೆಗೆಸಲಿಲ್ಲ. ಸಭೆಗೆ ಹಿರಿಯರು ಒಬ್ಬರೇ, ಅವರಿಗೆ ಆರು ಜನ ಹೆಂಡತಿಯರು. ಬಾಗಿಲು ಮೂರೇ ತಾನೆ ಎಂದರೆ, ಕೀಲಿ ಕಳೆದುಹೋಗುವುದಿಲ್ಲವೇ, ಎರಡೆರಡು ಇದ್ದರೆ ಒಳ್ಳೆಯದು ಎನ್ನುತ್ತಿದ್ದರು.

ದೊಡ್ಡಮ್ಮನ ಗಂಡ ಗಡಿಯಾರ ರಿಪೇರಿಯವನು. ಮನೆಯ ಮುಂಭಾಗದಲ್ಲೇ ಅಂಗಡಿ. ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತರೆ ಇನ್ನೊಂದು ಕಣ್ಣಿನಿಂದ ಲೋಕವನ್ನು ಕ್ಷಮೆ ಕೇಳುವಂತೆ ನೋಡುತ್ತಿದ್ದ. ಅವನಿಗೆ ಇಬ್ಬರೇ ಹೆಂಡತಿಯರು, ದೊಡ್ಡಮ್ಮ ಮತ್ತು ಹದಿನೈದು ವರ್ಷದ ಹಿಂದೆ ಬಂದ ಚಿಕ್ಕಮ್ಮ. ಇಬ್ಬರೇ ಹೆಂಡತಿಯರಿದ್ದ ಬೇರೆ ಬಡಪಾಯಿಗಳನ್ನು ಹಿರಿಯರು ಬೀದಿಯಲ್ಲಿ ನಿಲ್ಲಿಸಿ, ಮೂರನೆಯದು ಯಾವಾಗ, ಸ್ವರ್ಗದ ನಡುಮನೆಯಲ್ಲೇ ಬಿದ್ದಿರುತ್ತೀಯೇನು ಎಂದು ಪೀಡಿಸುತ್ತಿದ್ದರು. ಗಡಿಯಾರದವನನ್ನು ಮಾತ್ರ ಒಮ್ಮೆಯೂ ಕೇಳಲಿಲ್ಲ. ದೊಡ್ಡಮ್ಮ ಇದಕ್ಕೆ ತನ್ನದೇ ವ್ಯಾಖ್ಯಾನ ಬರೆದುಕೊಂಡಿದ್ದಳು: ತನ್ನ ಮೇಲಿನ ಪ್ರೀತಿಗೆ ಸ್ವರ್ಗದ ಒಂದು ಕೋಣೆಯನ್ನೇ ಬಿಟ್ಟುಕೊಟ್ಟ ಮಹಾತ್ಮ ಅವನು, ಹಿರಿಯರಿಗೂ ಅದು ಅರ್ಥವಾಗಿದೆ.

ಅವನ ಸರದಿಯೂ ಗಡಿಯಾರದಷ್ಟೇ ಕಟ್ಟುನಿಟ್ಟು. ಒಂದು ದಿನ ದೊಡ್ಡಮ್ಮನ ಕೋಣೆ, ಒಂದು ದಿನ ಚಿಕ್ಕಮ್ಮನ ಕೋಣೆ, ಮೂರನೆಯ ದಿನ ಅಂಗಡಿಯ ಬೆಂಚಿನ ಮೇಲೆ ಒಬ್ಬನೇ. ಚಿಕ್ಕಮ್ಮ ಬರುವ ಮೊದಲೂ ದಿನ ಬಿಟ್ಟು ದಿನ ಬೆಂಚೇ. ವ್ರತ ಎನ್ನುತ್ತಿದ್ದ. ದೊಡ್ಡಮ್ಮ ಬೆಂಚಿಗೆ ಹಾಸಲು ಒಂದು ಮೆತ್ತೆ ಹೊಲಿದುಕೊಟ್ಟಳು.

ಮನೆಯಲ್ಲಿ ಇನ್ನೊಬ್ಬಳಿದ್ದಳು, ಅವನ ತಂಗಿ. ಮಕ್ಕಳಿಗೆ ಅತ್ತೆ, ದೊಡ್ಡಮ್ಮನಿಗೆ ನಾದಿನಿ. ಹಿಂದಿನ ಕೋಣೆಯಲ್ಲಿ ವಾಸ. ಅದಕ್ಕೆ ಕಿಟಕಿ ಎಂಬ ಹೆಸರಿನ ಒಂದು ತೂತು. ಮಾತು ಕಡಿಮೆ. ದೊಡ್ಡಮ್ಮ ಮದುವೆಯಾಗಿ ಬಂದ ಎರಡನೆಯ ಬೆಳಿಗ್ಗೆಯೇ ಪಾತ್ರೆಗಳ ರಾಶಿ ನೋಡಿ, "ಈ ಮನೇಲಿ ಪಾತ್ರೆ ತಿಕ್ಕೋರು ಯಾರು?" ಎಂದು ಕೇಳಿದ್ದಳು. ನಾದಿನಿ ಒಂದು ಕ್ಷಣ ಅಣ್ಣನ ಮುಖ ನೋಡಿದಳು. ಅಣ್ಣ ಭೂತಗಾಜು ಒರೆಸಿಕೊಂಡ. "ನಾನೇ ತಿಕ್ತೀನಿ ಅತ್ತಿಗೆ" ಎಂದು ಅವಳು ಕೂತಳು. ಹಾಗೆ ಕೂತವಳೂ ಏಳಲಿಲ್ಲ. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಮೂವತ್ತೊಂದು ವರ್ಷ ಕೂತರು: ಒಬ್ಬಳು ಯಂತ್ರದ ಮುಂದೆ, ಒಬ್ಬಳು ನಲ್ಲಿಯ ಮುಂದೆ.

ಇನ್ನು ಸರ್ಕಾರದ ವಿಚಾರ. ದೊಡ್ಡಮ್ಮ ಮದುವೆಯಾದ ವರ್ಷವೇ ಮೊದಲ ಕಾನೂನು ಬಂತು: ಹೆಂಡತಿಯಿದ್ದವನು ಮತ್ತೆ ಮದುವೆಯಾದರೆ ಜೈಲು, ಮಾಡಿಸಿದವರಿಗೂ ಜೈಲು. ಹಿರಿಯರು ನಕ್ಕರು. ಸರ್ಕಾರದ ಮುದ್ರೆ ಬಿದ್ದ ಮದುವೆ ಸ್ವರ್ಗದಲ್ಲಿ ಚಲಾವಣೆಯಾಗಲ್ಲ ಎಂದು ಸಾರಿ, ಎಲ್ಲ ಮದುವೆಗಳನ್ನೂ ಸಭೆಯ ವಹಿಯಲ್ಲೇ ತಮ್ಮ ಕೈಯಾರೆ ಬರೆದರು. ಅದಕ್ಕೊಂದು ವಿಶೇಷ ಕರಿಮಸಿ ತರಿಸುತ್ತಿದ್ದರು. ನೀರಿಗೆ ಹೋಗಲ್ಲ, ಬಿಸಿಲಿಗೆ ಮಾಸಲ್ಲ, ಕೊನೆಯ ತೀರ್ಪಿನ ದಿನದವರೆಗೂ ನಿಲ್ಲುತ್ತೆ ಎಂದು ಬಾಟಲಿ ಎತ್ತಿ ತೋರಿಸುತ್ತಿದ್ದರು.

ಹನ್ನೆರಡು ವರ್ಷದ ಹಿಂದೆ ಎರಡನೆಯ ಕಾನೂನು ಬಂತು. ಈ ಸಲ ಅಧಿಕಾರಿಗಳು ಮನೆಮನೆಗೆ ಬಂದು ವಹಿಗಳನ್ನೇ ತಪಾಸಣೆ ಮಾಡುತ್ತಾರೆ ಎಂದು ಸುದ್ದಿ. ಹಿರಿಯರು ಈ ಸಲ ನಗಲಿಲ್ಲ. ವಹಿಯನ್ನು ಬಗಲಲ್ಲಿ ಅವುಚಿಕೊಂಡು ದೊಡ್ಡಮ್ಮನ ಮನೆಗೆ ಬಂದು, ಅವಳೆದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು.

"ಮದುವೆಯ ಹಾಳೆಗಳನ್ನ ಬಿಚ್ಚಿ ತೆಗಿಯಮ್ಮ. ಮಕಾಡೆ ಇಟ್ಟುಕೊಂಡೇ ಬಿಚ್ಚು. ಓದಬೇಡ."

"ನನಗ್ಯಾಕೆ ಓದು? ಹೊಲಿಯೋ ಕೈ ನಂದು."

"ಅದಕ್ಕೇ ನಿನ್ನ ಹತ್ರ ಬಂದಿದ್ದು. ಇವೆಲ್ಲ ಸುಟ್ಟುಬಿಡು. ಈ ಹೊಸ ಹಾಳೆಗಳನ್ನ ಆ ಜಾಗಕ್ಕೆ ಹೊಲಿ."

ಹೊಸ ಹಾಳೆಗಳಲ್ಲಿ ಬಡಾವಣೆಯ ಹೊಸ ಅವತಾರವಿತ್ತು. ಎಪ್ಪತ್ತು ಮನೆಯಲ್ಲಿ ಎಪ್ಪತ್ತು ಜನ ಬ್ರಹ್ಮಚಾರಿಗಳು, ಅವರ ಸುತ್ತ ಅಡುಗೆಯವರು, ಬಾಡಿಗೆದಾರರು, ದೂರದ ನೆಂಟರು, ಹೊಲಿಗೆ ಕಲಿಯಲು ಬಂದವರು. ಜೊತೆಗೆ ಎಲ್ಲಿಂದ ಬಂದರೋ ದೇವರಿಗೇ ಗೊತ್ತು, ಇನ್ನೂರ ಹದಿನಾಲ್ಕು ಮಕ್ಕಳು. ಗಡಿಯಾರದವನ ಮನೆಯ ಸಾಲಿನಲ್ಲಿ: ಯಜಮಾನ, ಅವಿವಾಹಿತ. ತಂಗಿ, ಒಬ್ಬಳು. ಪುಸ್ತಕ ಕಟ್ಟುವವಳು, ಬಾಡಿಗೆದಾರಳು. ಅಡುಗೆಯವಳು, ಒಬ್ಬಳು. ಹೊಲಿಯುವಾಗ ಇದು ಕಣ್ಣಿಗೆ ಬಿದ್ದಾಗ ದೊಡ್ಡಮ್ಮನಿಗೆ ನಗು ಬಂತು. ಕಾಗದದ ಮೇಲಿನ ಮಾತು ತಾನೆ. ಕಾಗದ ಎಂದರೆ ಏನು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಟ್ಟಿನ ಅಂಟಿನಲ್ಲಿ ನೆನೆಸಿದರೆ ರಟ್ಟಾಗುವ ವಸ್ತು.

ಸುಡುವ ಕೆಲಸವನ್ನು ಅವಳು ಅರ್ಧ ಮಾಡಿದಳು. ಹಿತ್ತಿಲಲ್ಲಿ ಒಂದು ಹೊರೆ ಹಳೆಯ ದಿನಪತ್ರಿಕೆ ಸುಟ್ಟಳು. ಹಿರಿಯರು ದೂರದಿಂದ ಹೊಗೆ ಕಂಡು ತಲೆಯಾಡಿಸಿ ಹೋದರು. ವಹಿಯ ಹಾಳೆಗಳು ದಪ್ಪ, ಬಟ್ಟೆಯ ನಾರಿನಿಂದ ಮಾಡಿದ್ದು, ಅಂಥ ಕಾಗದ ಈಗ ಎಲ್ಲಿ ಸಿಗುತ್ತೆ? ಆ ವಾರವೇ ಸಭೆಯ ನಲವತ್ತೆರಡು ಹಾಡಿನ ಪುಸ್ತಕಗಳಿಗೆ ಹೊಸ ರಟ್ಟು ಹಾಕಬೇಕಿತ್ತು. ಓದುವುದಿಲ್ಲ ಎಂದು ಮಾತು ಕೊಟ್ಟಿದ್ದಳು, ಓದಲೂ ಇಲ್ಲ. ಅಂಟು ಸವರಿ, ಮಕಾಡೆ ಮಲಗಿಸಿ, ಚಕ್ರ ತಿರುವಿದಳು. ಮುಂದಿನ ಸಭೆಯಲ್ಲಿ ಜನ ತಮ್ಮ ತಮ್ಮ ಮದುವೆಗಳನ್ನು ಎದೆಗೆ ಅವುಚಿಕೊಂಡು ಹಾಡಿದರು, ಗೊತ್ತಿಲ್ಲದೆ.

ಅಧಿಕಾರಿಗಳು ಬಂದರು, ಬ್ರಹ್ಮಚಾರಿಗಳನ್ನು ಎಣಿಸಿದರು, ಮಕ್ಕಳನ್ನು ಎಣಿಸಲು ಹೋಗಿ ಸುಸ್ತಾದರು, ಹೋದರು.

ಹೋದ ವರ್ಷ ಗಡಿಯಾರದವನು ಅಂಗಡಿಯಲ್ಲಿ ಕೂತಲ್ಲೇ ತೀರಿಕೊಂಡ. ಎದುರಿಗೆ ಬಿಚ್ಚಿದ ಗಡಿಯಾರ, ಕಣ್ಣಿನಲ್ಲಿ ಭೂತಗಾಜು. ರಿಪೇರಿಗೆ ಕೊಟ್ಟವನು ಅರ್ಧ ಗಂಟೆ ಎದುರಿಗೆ ನಿಂತು, ಎಂಥ ಏಕಾಗ್ರತೆ ಎಂದು ಮೆಚ್ಚಿಕೊಂಡಿದ್ದನಂತೆ.

ಮೂರು ವಾರ ಕಳೆಯಿತು. ಹಿರಿಯರು ಬಂದರು. ಎಪ್ಪತ್ತೆಂಟು ವರ್ಷ, ಜೇನಿನಂಥ ದನಿ, ಪ್ರತಿ ವಾಕ್ಯಕ್ಕೂ ಮುಂಚೆ ಒಂದು ಕೆಮ್ಮು. ಅವರು ಏಳನೆಯ ಮದುವೆಗೆ ಮನೆ ಹುಡುಕುತ್ತಿದ್ದಾರೆ ಎಂದು ಬೀದಿಯಲ್ಲಿ ಸುದ್ದಿಯಿತ್ತು.

"ಮನೆ ಖಾಲಿ ಮಾಡಬೇಕಾಗುತ್ತಮ್ಮ. ಅವಸರ ಏನಿಲ್ಲ, ಎರಡು ತಿಂಗಳು ಹಿಡೀಲಿ."

"ಯಾಕೆ ಖಾಲಿ ಮಾಡಬೇಕು? ಮನೆ ಸಭೇದು, ಯಜಮಾನ ಇರೋ ತನಕ ಅವನಿಗೆ, ಆಮೇಲೆ ಅವನ ಹೆಂಡತಿ ಇರೋ ತನಕ ಅವಳಿಗೆ. ಪತ್ರದಲ್ಲಿ ಇದೆಯಲ್ಲ."

"ಇದೆ. ಆದ್ರೆ ಅವನಿಗೆ ಹೆಂಡತಿ ಎಲ್ಲಿದ್ದಾಳೆ?"

ದೊಡ್ಡಮ್ಮ ತಿರುಗಿ ಬೆನ್ನ ಹಿಂದೆ ನೋಡಿದಳು, ಅಲ್ಲಿ ಯಾರಾದರೂ ನಿಂತಿದ್ದಾರೋ ಎಂಬಂತೆ. ನಾದಿನಿ ಚಹದ ಲೋಟ ಹಿಡಿದು ನಿಂತಿದ್ದಳು, ಅಷ್ಟೆ.

"ಹಾಗಾದ್ರೆ ನಾನ್ಯಾರು?"

ಹಿರಿಯರು ಕೆಮ್ಮಿದರು. "ನೀನು ಬಾಡಿಗೆದಾರಳು. ಆ ಪುಸ್ತಕ ಹೊಲಿದವಳು ನೀನೇ ಅಲ್ವಾ?"

"ಅದು ಸರ್ಕಾರದ ಕಣ್ಣಿಗೆ ಅಂದಿದ್ರಿ."

"ಈಗ ಸರ್ಕಾರ ನೋಡ್ತಾ ಇದೆಯಲ್ಲಮ್ಮ" ಎಂದು ಅವರು ನಾದಿನಿಯ ಕೈಯಿಂದ ಲೋಟ ತೆಗೆದುಕೊಂಡರು. "ಸ್ವರ್ಗದಲ್ಲಿ ನೀನು ಹೆಂಡತಿಯೇ. ಅದಕ್ಕೆ ಯಾರೂ ಕೈ ಹಾಕಲ್ಲ. ಈ ಯಂತ್ರ ತಗೊಂಡು ಹೋಗೋದಾದ್ರೆ ಚೌಕಟ್ಟು ನೀನೇ ರಿಪೇರಿ ಮಾಡಿಸಿಕೊಡಬೇಕು."

ಯುದ್ಧಕ್ಕೆ ಹೊರಡುವ ವೀರರು ಕುದುರೆ ಏರುತ್ತಾರೆ. ದೊಡ್ಡಮ್ಮ ಚಿಕ್ಕಮ್ಮನನ್ನು ಕರೆದುಕೊಂಡು ಬಸ್ಸು ಹತ್ತಿದಳು. ಸೈಕಲ್ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಲಾಯರಮ್ಮ ಕೂರುತ್ತಿದ್ದಳು. ಸಭೆಯಿಂದ ಓಡಿಬಂದ ಹೆಂಗಸರ ಕೇಸುಗಳನ್ನು ನಡೆಸಿ ನಡೆಸಿ ಅವಳಿಗೆ ಯಾವುದೂ ಆಶ್ಚರ್ಯವಾಗುತ್ತಿರಲಿಲ್ಲ. ಮೇಜಿನ ಮೇಲೆ ಬಿಸ್ಕತ್ತಿನ ಡಬ್ಬಿ.

"ಕಾನೂನು ಬದಲಾಗಿದೆ" ಎಂದಳು.

"ಮತ್ತೆನಾ?"

"ಈ ಸಲ ನಿಮ್ಮ ಕಡೆಗೆ. ಮೊದಲು ಯಾರನ್ನ ಮದುವೆ ಆದನೋ ಅವಳೇ ಕಾನೂನಿನ ಹೆಂಡತಿ. ನೋಂದಣಿ ಆಗದಿದ್ರೂ ನಡೆಯುತ್ತೆ, ಆಮೇಲೆ ಸಭೆಯವರು ಅವಳನ್ನ ಏನಂತ ಬರಕೊಂಡ್ರೂ ನಡೆಯುತ್ತೆ. ಆದ್ರೆ ಮದುವೆ ದಿನವೇ ಬರೆದ ಬರಹ ಬೇಕು. ನಂತರ ಬಂದವರಿಗೆ ಏನೂ ಇಲ್ಲ."

"ಏನೂ ಅಂದ್ರೆ?" ಎಂದಳು ಚಿಕ್ಕಮ್ಮ.

"ಏನೂ ಅಂದ್ರೆ ಏನೂ." ಲಾಯರಮ್ಮ ಡಬ್ಬಿಯನ್ನು ಅವಳ ಕಡೆ ಸರಿಸಿದಳು. "ನೀವು ಅಡುಗೆಯವರು ಅಂತ ಇದೆಯಲ್ಲ ವಹೀಲಿ. ಹದಿನೈದು ವರ್ಷದ ಸಂಬಳ ಕೇಳಬಹುದು, ಕೊಡ್ತಾರೆ ಅಂತಲ್ಲ."

ದೊಡ್ಡಮ್ಮ ಚಿಕ್ಕಮ್ಮನ ತೊಡೆ ತಟ್ಟಿದಳು. "ನಾನಿರೋವಾಗ ನಿನಗೇನು ಭಯ? ಮೊದಲನೆಯವಳು ನಾನೇ ತಾನೆ. ಮನೆ ನನ್ನದಾದ್ರೆ ನಿನ್ನದೂ ಆಯ್ತು, ಮಕ್ಕಳದ್ದೂ ಆಯ್ತು. ನಾದಿನೀನೂ ಹಿಂದಿನ ಕೋಣೇಲಿ ಬಿದ್ದಿರಲಿ, ಅವಳೇನು ಜಾಸ್ತಿ ಜಾಗ ಕೇಳ್ತಾಳಾ?"

"ಬರಹ ಇದೆಯಾ?" ಎಂದಳು ಲಾಯರಮ್ಮ.

"ಇದೆ" ಎಂದಳು ದೊಡ್ಡಮ್ಮ. "ಜನ ಅದನ್ನ ಹಿಡಕೊಂಡು ವಾರವಾರ ಹಾಡ್ತಾ ಇದ್ದಾರೆ."

ಸಭೆಯ ದಿನ ಅವಳು ಹಾಡಿನ ಪುಸ್ತಕವೊಂದನ್ನು ಎತ್ತಿ ಬೆನ್ನು ಅಲುಗಾಡಿಸಿ, ಎಲ್ಲ ಸಡಿಲವಾಗಿವೆ, ಮನೆ ಬಿಡುವ ಮೊದಲು ಕೊನೆಯ ಸೇವೆ ಅಂತ ಕಟ್ಟಿಕೊಡುತ್ತೇನೆ ಎಂದಳು. ಹಿರಿಯರಿಗೆ ಕಣ್ಣು ತುಂಬಿ ಬಂತು. ಎಂಥ ವಿನಯ ಎಂದು ನಾಲ್ಕು ಜನರ ಮುಂದೆ ಹೊಗಳಿ, ನಲವತ್ತೆರಡನ್ನೂ ಕೈಗಾಡಿಯಲ್ಲಿ ಹೇರಿಸಿ ಕಳಿಸಿದರು. ಯಾವ ಕೋಟೆಯ ಬಾಗಿಲೂ ಇಷ್ಟು ಸಲೀಸಾಗಿ ತೆರೆದುಕೊಂಡದ್ದಿಲ್ಲ.

ರಟ್ಟು ಮಾಡುವುದಕ್ಕಿಂತ ಬಿಡಿಸುವುದು ಕಷ್ಟ. ಪುಸ್ತಕದಿಂದ ರಟ್ಟು ಬೇರೆ ಮಾಡಿ, ಬಿಸಿನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಹಿಟ್ಟಿನ ಅಂಟು ಮೆತ್ತಗಾದ ಮೇಲೆ ಅಂಚಿನಿಂದ ಒಂದೊಂದೇ ಪದರ ಏಳಿಸಬೇಕು. ಅವಸರ ಮಾಡಿದರೆ ಹರಿದು ಹಿಟ್ಟಾಗುತ್ತದೆ. ಎಂಬತ್ತನಾಲ್ಕು ರಟ್ಟು. ನೀರು ಕಾಯಿಸುವ ಕೆಲಸ ನಾದಿನಿಯದು. ಕೆಟಲು ತರುತ್ತಿದ್ದಳು, ಸುರಿಯುತ್ತಿದ್ದಳು, ಹೋಗುತ್ತಿದ್ದಳು. ಮನೆಯ ತುಂಬ ಹಗ್ಗ ಕಟ್ಟಿ ಒದ್ದೆ ಹಾಳೆಗಳನ್ನು ನೇತುಹಾಕಿದರು. ಪಕ್ಕದ ಮನೆಯವನ ಮದುವೆ, ಎದುರುಮನೆಯವನ ಮೂರು ಮದುವೆ, ಎಲ್ಲ ಕರಿಮಸಿಯಲ್ಲಿ ಮಿರಿಮಿರಿ. ಹಿರಿಯರು ಹೇಳಿದ್ದು ಸುಳ್ಳಾಗಿರಲಿಲ್ಲ: ಮಸಿ ಒಂದು ಚುಕ್ಕೆಯೂ ಕದಡಿರಲಿಲ್ಲ.

ಆರನೆಯ ಬೆಳಿಗ್ಗೆ ಅವಳ ಹಾಳೆ ಸಿಕ್ಕಿತು.

ಮೊದಲು ಕಂಡದ್ದು ತನ್ನ ಹೆಸರು, ತನ್ನ ಅಪ್ಪನ ಹೆಸರು. ದೊಡ್ಡಮ್ಮ ಹಾಳೆಯನ್ನು ಎರಡು ಅಂಗೈ ಮೇಲೆ ಎತ್ತಿಕೊಂಡು, ನವಜಾತ ಶಿಶುವನ್ನು ಒಯ್ಯುವಂತೆ ಕಿಟಕಿಯ ಬೆಳಕಿಗೆ ಒಯ್ದಳು. ಗಂಡನ ಹೆಸರು, ಅವನ ಸಹಿ, ಹಿರಿಯರ ಸಹಿ, ತಾರೀಕು. ಅದರ ಕೆಳಗೆ ಒಂದು ಸಾಲು: "ಎರಡನೆಯ ಬಾಗಿಲಿನ ಕೀಲಿಯನ್ನು ಈಕೆಗೆ ಒಪ್ಪಿಸಲಾಯಿತು."

ಅವಳು ಮತ್ತೆ ಓದಿದಳು. ಎರಡನೆಯ. ಬರೆಯುವಾಗ ಕೈತಪ್ಪಿರಬೇಕು ಎಂದುಕೊಂಡಳು. ಹಿರಿಯರ ಕೈ ತಪ್ಪುವುದಿಲ್ಲ ಎಂದು ತಕ್ಷಣ ನೆನಪಾಯಿತು. ಹಾಳೆ ಮಗುಚಿದಳು.

ಹಿಂಬದಿಯಲ್ಲಿ ಒಂದು ವರ್ಷ ಹಿಂದಿನ ತಾರೀಕು. ಅದೇ ಗಂಡ, ಅದೇ ಸಹಿ. ಹೆಂಡತಿಯ ಜಾಗದಲ್ಲಿ ನಾದಿನಿಯ ಹೆಸರು. ಮೊದಲನೆಯ ಬಾಗಿಲಿನ ಕೀಲಿ. ಪಕ್ಕದ ಅಂಚಿನಲ್ಲಿ, ಅದೇ ಕರಿಮಸಿಯಲ್ಲಿ, ಸಣ್ಣ ಅಕ್ಷರದಲ್ಲಿ, ದೊಡ್ಡಮ್ಮನ ಮದುವೆಯ ಹಿಂದಿನ ದಿನದ ತಾರೀಕು ಹಾಕಿ ಬರೆದಿತ್ತು: "ಇಂದಿನಿಂದ ತಂಗಿ ಎಂದು ಎಣಿಸತಕ್ಕದ್ದು."

ನಾದಿನಿ ಕೆಟಲು ತಂದು ಸುರಿಯಲು ಬಗ್ಗಿದಳು.

"ನಿನಗೆ ಗೊತ್ತಿತ್ತಾ?"

"ನನ್ನ ಮದುವೆ ನನಗೆ ಗೊತ್ತಿರಲ್ವಾ ಅತ್ತಿಗೆ?"

"ಮೂವತ್ತೊಂದು ವರ್ಷ. ಬಾಯಿಗೇನಾಗಿತ್ತು ನಿನಗೆ?"

ನಾದಿನಿ ನೀರು ಪೂರ್ತಿ ಸುರಿದೇ ಮಾತಾಡಿದಳು. "ಜೈಲಿಗೆ ಹಾಕ್ತಾರೆ, ಸ್ವಲ್ಪ ದಿನ ತಂಗಿ ಅಂತ ಇರು ಅಂದ್ರು. ಸರ್ಕಾರ ಬದಲಾಗಲಿ ಅಂದ್ರು. ಬದಲಾಯ್ತು. ಮತ್ತೊಂದು ಸಲ ಬದಲಾಯ್ತು. ಆಮೇಲೆ ಸ್ವರ್ಗದಲ್ಲಿ ಸರಿ ಮಾಡೋಣ ಅಂದ್ರು. ನನಗೆ ಅಪ್ಪ ಅಮ್ಮ ಇರಲಿಲ್ಲ. ಹೋಗೋದೆಲ್ಲಿಗೆ?"

"ನನಗೆ ಹೇಳಬಹುದಿತ್ತು."

"ನೀವು ಬಂದ ಎರಡನೇ ದಿನವೇ ಪಾತ್ರೆ ತಿಕ್ಕೋರು ಯಾರು ಅಂತ ಕೇಳಿದ್ರಿ. ಹೇಳೋಕೆ ಹೊತ್ತು ಸಿಗಲಿಲ್ಲ."

ದೊಡ್ಡಮ್ಮ ಮುಕ್ಕಾಲಿಯ ಮೇಲೆ ಕೂತಳು. ಹಗ್ಗದ ಮೇಲೆ ಬಡಾವಣೆಯ ಮದುವೆಗಳು ತೊಟಕ್ ತೊಟಕ್ ಎಂದು ನೀರು ಸುರಿಸುತ್ತಿದ್ದವು.

"ಆ ಅಂಗಡೀಲಿ ಮಲಗ್ತಿದ್ರಲ್ಲ, ವ್ರತ ಅಂತ..."

"ಅದು ನನ್ನ ದಿನ" ಎಂದಳು ನಾದಿನಿ. "ತಂಗಿ ಅಂತ ಬರೆದ ಮೇಲೆ ನನ್ನ ಹತ್ರ ಬರೋ ಹಾಗಿರಲಿಲ್ಲ. ನನ್ನ ದಿನಾನ ನಿಮಗೆ ಕೊಡೋಕೂ ನಿಯಮ ಇರಲಿಲ್ಲ. ಬೆಂಚಿಗೆ ಕೊಟ್ರು."

ಬೆಂಚಿಗೆ ಹೊಲಿದುಕೊಟ್ಟ ಮೆತ್ತೆ ದೊಡ್ಡಮ್ಮನ ಕಣ್ಣ ಮುಂದೆ ಬಂತು. ನಾಲ್ಕೂ ಮೂಲೆಗೆ ಗುಂಡಿ ಹಾಕಿ, ಎಷ್ಟು ಅಚ್ಚುಕಟ್ಟಾಗಿ ಹೊಲಿದಿದ್ದಳು.

"ಬೀದಿಯಲ್ಲಿ ಯಾರಿಗೆಲ್ಲ ಗೊತ್ತು?"

"ಹಳಬರಿಗೆಲ್ಲ ಗೊತ್ತು. ನೀವು ಬೇರೆ ಊರಿಂದ ಬಂದೋರು, ನಿಮಗೊಬ್ಬರಿಗೇ ಗೊತ್ತಿರಲಿಲ್ಲ. ಅವರವರ ಮನೇಲೂ ಒಬ್ಬೊಬ್ಬಳು ತಂಗಿ ಇದ್ದಾಳಲ್ಲ, ಯಾರು ಬಾಯಿ ಬಿಡ್ತಾರೆ?"

ಅಂದರೆ ಇಷ್ಟು ವರ್ಷ ತನ್ನನ್ನು ದೊಡ್ಡಮ್ಮ ಎಂದು ಕರೆದ ಪ್ರತಿ ಮುದುಕಿಯೂ ಒಳಗೊಳಗೇ ತುಟಿ ಕಚ್ಚಿಕೊಂಡೇ ಕರೆದಿದ್ದಳು. ಅಂದರೆ ಹಿರಿಯರು ಮೂರನೆಯವಳು ಯಾವಾಗ ಎಂದು ಗಡಿಯಾರದವನನ್ನು ಕೇಳದೇ ಇದ್ದದ್ದು ಯಾವ ಪ್ರೀತಿಯನ್ನೂ ಗೌರವಿಸಿ ಅಲ್ಲ. ಅವನ ಹತ್ತಿರ ಮೂರು ಕೀಲಿ ಭರ್ತಿಯಾಗಿತ್ತು. ಅವನು ಈಗ ಒಳಕೋಣೆಯಲ್ಲಿ ಕಾಲು ಚಾಚಿ ಕೂತಿರಬೇಕು.

ದೊಡ್ಡಮ್ಮ ಕೈಗೆ ಕೆತ್ತುವ ಚಾಕು ತೆಗೆದುಕೊಂಡಳು. ಅವಳ ಚಾಕು ಎಷ್ಟು ಹರಿತವೆಂದರೆ ಕಾಗದದ ಮೇಲಿನ ಅಕ್ಷರವನ್ನು, ಕಾಗದಕ್ಕೆ ನೋವಾಗದ ಹಾಗೆ, ಸಿಪ್ಪೆಯಂತೆ ಸುಲಿಯಬಲ್ಲದು. "ಎರಡನೆಯ" ಎಂಬುದನ್ನು ಸುಲಿದು "ಮೊದಲನೆಯ" ಎಂದು ಬರೆದುಬಿಟ್ಟರಾಯಿತು. ಹಿಂಬದಿಯ ಪುಟಕ್ಕೆ ಒಂದು ಬಿಳಿ ಹಾಳೆ ಅಂಟಿಸಿದರಾಯಿತು. ನಾದಿನಿಗೂ ನಷ್ಟವಿಲ್ಲ, ಹಿಂದಿನ ಕೋಣೆಯಲ್ಲಿ ಇದ್ದ ಹಾಗೇ ಇರುತ್ತಾಳೆ. ಚಾಕುವಿನ ತುದಿ ಅಕ್ಷರವನ್ನು ಮುಟ್ಟಿತು. ನಾದಿನಿ ಅತ್ತ ತಿರುಗಿ ಕೆಟಲಿನ ತಳ ಒರೆಸುತ್ತಿದ್ದಳು.

ಇಲ್ಲಿ ದೊಡ್ಡಮ್ಮನ ಅಂತಃಕರಣ ಎಚ್ಚೆತ್ತಿತು ಎಂದು ಬರೆದರೆ ಕಥೆಗೆ ಶೋಭೆ. ನಡೆದದ್ದು ಬೇರೆ. ಚಾಕುವಿನ ತುದಿ 'ಎ'ಕಾರದ ಮೇಲೆ ಒಂದು ಕೂದಲೆಳೆಯಷ್ಟು ಜಾರಿತು, ಅವಳಿಗೆ ಅರ್ಥವಾಯಿತು: ಮಸಿ ನಾರಿನ ಆಳಕ್ಕೆ ಇಳಿದಿದೆ. ಸುಲಿದರೆ ತೂತಾಗುತ್ತದೆ. ಮುಂಬದಿ ತೂತಾದರೆ ಹಿಂಬದಿಯದೂ ಕಾಣುತ್ತದೆ. ಕೊನೆಯ ತೀರ್ಪಿನ ದಿನದವರೆಗೆ ನಿಲ್ಲುವ ಮಸಿ. ಅವಳು ಚಾಕು ಕೆಳಗಿಟ್ಟಳು. ಒಳ್ಳೆಯ ಕಾಗದವನ್ನು ಕೆಡಿಸಲು ಅವಳಿಗೆ ಕೈ ಬರುತ್ತಿರಲಿಲ್ಲ, ಅಷ್ಟೆ.

ಉಳಿದದ್ದು ಎರಡೇ ದಾರಿ. ಈ ಹಾಳೆಯನ್ನು ಒಲೆಗೆ ಹಾಕಿದರೆ ಮನೆ ಹಿರಿಯರ ಏಳನೆಯ ಹೆಂಡತಿಗೆ, ಎಲ್ಲರೂ ಬೀದಿಗೆ. ಕೊಟ್ಟರೆ ಮನೆ ನಾದಿನಿಗೆ. ಸಂಜೆಯವರೆಗೆ ಅವಳು ಎದ್ದೇಳಲಿಲ್ಲ. ಸಂಜೆ ಎದ್ದು ಎರಡು ಬಿಳಿ ಹಾಳೆಗಳ ನಡುವೆ ಆ ಹಾಳೆಯನ್ನಿಟ್ಟು, ಯಂತ್ರಕ್ಕೆ ಸೇರಿಸಿ, ಸುಕ್ಕು ಹೋಗುವ ಹಾಗೆ ಚಕ್ರ ತಿರುವಿದಳು.

ಮನೆ ತಕರಾರುಗಳ ಅಧಿಕಾರಿಯ ಕೋಣೆಯಲ್ಲಿ ನಾಲ್ಕು ಕುರ್ಚಿ, ಒಂದರ ಕಾಲು ಮೋಟು. ಹಿರಿಯರು ಗಟ್ಟಿ ಕುರ್ಚಿ ಹಿಡಿದಿದ್ದರು. ಅಧಿಕಾರಿ ಹಾಳೆಯನ್ನು ಅತ್ತ ಇತ್ತ ತಿರುಗಿಸಿ ನೋಡಿದ.

"ಇದು ನಿಮ್ಮ ಅಕ್ಷರವಾ?"

ಹಿರಿಯರು ಕೆಮ್ಮಿದರು. ಮತ್ತೊಮ್ಮೆ ಕೆಮ್ಮಿದರು. "ಆ ಹಾಳೆ ಸುಟ್ಟುಹೋಗಿದೆ."

"ಅಂದ್ರೆ ಇತ್ತು ಅಂತಾಯ್ತು" ಎಂದ ಅಧಿಕಾರಿ, ಬರೆದುಕೊಂಡ.

ಹಿರಿಯರು ದೊಡ್ಡಮ್ಮನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು. ಎಪ್ಪತ್ತು ಮನೆಯ ಮದುವೆಗಳೂ ಈಗ ಎಲ್ಲಿ ಒಣಗುತ್ತಿವೆ ಎಂದು ಅವರಿಗೆ ಆಗ ಹೊಳೆದಿರಬೇಕು. ಆ ಒಂದು ಗಳಿಗೆಗಾಗಿ ದೊಡ್ಡಮ್ಮ ಏನು ಬೇಕಾದರೂ ಕೊಡುತ್ತಿದ್ದಳು, ಕೊಟ್ಟೂ ಆಗಿತ್ತು.

ನಾದಿನಿ ಕಾನೂನಿನ ಹೆಂಡತಿ, ಬದುಕಿರುವ ತನಕ ಮನೆ ಅವಳದು ಎಂದು ಅಧಿಕಾರಿ ಓದಿ ಹೇಳಿದ. ಆಮೇಲೆ ಕುತೂಹಲಕ್ಕೆ ಕೇಳಿದ, "ಇದನ್ನ ಹುಡುಕಿ ತಂದವರು ಯಾರು?"

"ನಾನು."

"ನಿಮಗೂ ಸತ್ತವರಿಗೂ ಏನು ಸಂಬಂಧ?"

ದೊಡ್ಡಮ್ಮ ಬಾಯಿ ತೆರೆದಳು. ಮೂವತ್ತೊಂದು ವರ್ಷ ಎಲ್ಲದಕ್ಕೂ ಉತ್ತರವಿದ್ದ ಬಾಯಿ. ಲಾಯರಮ್ಮ ಮೆಲ್ಲಗೆ ಹೇಳಿದಳು: "ಪುಸ್ತಕ ಕಟ್ಟೋರು, ಸಾರ್."

ಮನೆಗೆ ಬಂದ ದಿನ ಚಿಕ್ಕಮ್ಮನ ಹೆಣ್ಣುಮಕ್ಕಳು ಬಾಗಿಲಲ್ಲೇ ಕಾದಿದ್ದರು. ದೊಡ್ಡವಳಿಗೆ ಹನ್ನೆರಡು, ನಾಲಿಗೆ ಚುರುಕು.

"ಅತ್ತೇನ ಇನ್ಮೇಲೆ ಏನಂತ ಕರೀಬೇಕು?"

ಹುಡುಗಿ ದೊಡ್ಡಮ್ಮನ ಕಡೆ ತಿರುಗಿದಳು.

"ಮೊದಲನೆಯೋರು ದೊಡ್ಡಮ್ಮ ಅಲ್ವಾ? ಹಾಗಾದ್ರೆ ನೀವು ಯಾರು?"

"ಸುಮ್ಮನಿರೇ" ಎಂದಳು ಚಿಕ್ಕಮ್ಮ, ಅವಳೇ ಈಗ ಯಾರೂ ಅಲ್ಲದವಳು. ಅವಳಿಗೆ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿತ್ತು. ಮೊದಲ ಬಾರಿ ಅಡುಗೆಯವಳು ಎಂಬುದಕ್ಕೆ ಸಂಬಳ ಬರಲಿತ್ತು. ಮಕ್ಕಳೊಂದಿಗೆ ಮನೆಯಲ್ಲೇ ಇರಿ ಎಂದು ನಾದಿನಿ ಅವಳಿಗೆ ಹೇಳಿದ್ದಳು.

ದೊಡ್ಡಮ್ಮನಿಗೂ ನಾದಿನಿ ಹೋಗು ಎನ್ನಲಿಲ್ಲ. ಅಂಥ ಕೆಟ್ಟ ಮಾತು ಅವಳ ಬಾಯಿಂದ ಬರುವಂಥದ್ದಲ್ಲ. ಎರಡು ದಿನ ಕಳೆದು, ಬಟ್ಟೆ ಮಡಿಸುತ್ತ, "ನಿಮ್ಮ ಕೋಣೆಗೆ ಗಾಳಿ ಚೆನ್ನಾಗಿ ಬರುತ್ತೆ ಅಂತ ಕೇಳಿದ್ದೆ" ಎಂದಳು. ಅಷ್ಟೆ. ಮರುದಿನ ದೊಡ್ಡಮ್ಮ ತನ್ನ ಹಾಸಿಗೆ ಸುತ್ತಿಕೊಂಡು ಹಿಂದಿನ ಕೋಣೆಗೆ ಹೋದಳು. ಬೀಗದ ಕೈ ಗೊಂಚಲನ್ನು ನಡುಮನೆಯ ಮೊಳೆಗೆ ತೂಗುಹಾಕಿದಳು. ಕೈಗೆ ಕೊಡಲು ಮನಸ್ಸಾಗಲಿಲ್ಲ. ಯಂತ್ರ ಹಿಂದಿನ ಕೋಣೆಯ ಬಾಗಿಲಲ್ಲಿ ಹಿಡಿಯಲಿಲ್ಲ, ಚೌಕಟ್ಟು ಕಿತ್ತರೂ ಹಿಡಿಯುತ್ತಿರಲಿಲ್ಲ. ಅದು ಕಿಟಕಿಯ ಪಕ್ಕದಲ್ಲೇ ಉಳಿಯಿತು. ಬೆಳಗಿನ ಹೊತ್ತು ದೊಡ್ಡಮ್ಮ ಬರುವಷ್ಟರಲ್ಲಿ ಮುಕ್ಕಾಲಿಯ ಮೇಲೆ ನಾದಿನಿ ಕೂತು ಬಿಸಿಲಿಗೆ ಮೈ ಕಾಯಿಸುತ್ತಿರುತ್ತಾಳೆ. ದೊಡ್ಡಮ್ಮ ನಿಂತೇ ಹೊಲಿಯುತ್ತಾಳೆ.

ಹಾಡಿನ ಪುಸ್ತಕಗಳು ಬೇಕೆಂದು ಸಭೆಯಿಂದ ಮೂರು ಸಲ ಹೇಳಿಕಳಿಸಿದರು. ಪುಸ್ತಕವಿಲ್ಲದೆ ಜನ ಎರಡನೆಯ ಚರಣಕ್ಕೇ ತೊದಲುತ್ತಿದ್ದರಂತೆ. ದೊಡ್ಡಮ್ಮ ನಲವತ್ತೆರಡನ್ನೂ ಕಟ್ಟಿಕೊಟ್ಟಳು. ರಟ್ಟಿಗೆ ಸಭೆಯವರು ಕಳಿಸಿದ್ದ ಮನೆ ಖಾಲಿ ಮಾಡುವ ನೋಟೀಸುಗಳನ್ನೇ ಬಳಸಿದಳು. ಮದುವೆಯ ಹಾಳೆಗಳು ಲಾಯರಮ್ಮನ ಕಪಾಟಿನಲ್ಲಿವೆ. ಬಡಾವಣೆಯ ಬೇರೆ ತಂಗಿಯರು ಒಬ್ಬೊಬ್ಬರಾಗಿ ಬಸ್ಸು ಹತ್ತುತ್ತಿದ್ದಾರೆ ಎಂದು ಸುದ್ದಿ. ಯಾರೂ ಅದಕ್ಕಾಗಿ ದೊಡ್ಡಮ್ಮನಿಗೆ ಉಪಕಾರ ಹೇಳಲು ಬಂದಿಲ್ಲ. ಬಸ್ಸು ಹತ್ತದೆ ಮನೆಯಲ್ಲುಳಿದವರು ಅವಳನ್ನು ಕಂಡರೆ ಬೀದಿ ದಾಟಿ ಆಚೆ ಹೋಗುತ್ತಾರೆ.

ಕಳೆದ ತಿಂಗಳು ಮನೆಯ ದಾಖಲೆ ತಿದ್ದಲು ಆಫೀಸಿನ ಗುಮಾಸ್ತ ಬಂದ. ನಡುಮನೆಯಲ್ಲಿ ಕೂತು ಹಳೆಯ ಪಟ್ಟಿ ಬಿಚ್ಚಿದ.

"ತಂಗಿ ಅಂತಿರೋದನ್ನ ಹೊಡೆದು ಹೆಂಡತಿ ಅಂತ ಮಾಡ್ತೀನಿ. ಅಡುಗೆಯವರು, ಮಕ್ಕಳು... ಸರಿ. ಇಲ್ಲಿ ಪುಸ್ತಕ ಕಟ್ಟುವವಳು, ಬಾಡಿಗೆದಾರಳು ಅಂತಿದೆ. ಅದನ್ನೇನು ಮಾಡ್ಲಿ?"

ದೊಡ್ಡಮ್ಮ ದಾರಕ್ಕೆ ಮೇಣ ಸವರುವುದನ್ನು ನಿಲ್ಲಿಸಿದಳು. ಮುಕ್ಕಾಲಿಯ ಮೇಲಿದ್ದವಳನ್ನು ಎಂದೂ ಕರೆಯದ ಹೆಸರಿನಲ್ಲಿ ಕರೆದಳು. "ಅಕ್ಕ..."

ನಾದಿನಿ ಅವಳತ್ತ ತಿರುಗಿದಳು. ಮುಖದಲ್ಲಿ ದ್ವೇಷವಿರಲಿಲ್ಲ. ಮೂವತ್ತೊಂದು ವರ್ಷ ನಲ್ಲಿ ನೀರಿನಲ್ಲಿ ನೆನೆದ ಕೈಗಳು ಮಡಿಲಲ್ಲಿ ಸುಮ್ಮನಿದ್ದವು.

"ಹಾಗೇ ಇರಲಿ ಬಿಡಿ" ಎಂದಳು ಗುಮಾಸ್ತನಿಗೆ. "ಬದಲಾಯಿಸಿದ್ದೇ ಸಾಕು."

ಗುಮಾಸ್ತ ಟಿಕ್ಕು ಹಾಕಿ, ಚಹ ಮುಗಿಸಿ, ಲೋಟವನ್ನು ನೆಲದ ಮೇಲಿಟ್ಟು ಹೋದ. ಲೋಟ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ದೊಡ್ಡಮ್ಮ ದಬ್ಬಣವನ್ನು ಚಿಂದಿಗೆ ಚುಚ್ಚಿಟ್ಟು, ಲೋಟ ಎತ್ತಿಕೊಂಡು, ನಲ್ಲಿಯ ಕಡೆ ಹೋದಳು.